ಜೈಲಿನ ಬಾಗಿಲಿಗೆ ಊಟ ಹೊತ್ತವಳು: ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಹೋದ ಸಂಚಿಕೆಯಲ್ಲಿ ಕಿತ್ತೂರಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಮಾತು ಸೇರಿಸಿದ್ದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆ ಮುಂದೆ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ ಹೊತ್ತಿಗೆ ಕಂಪನಿ ಸರ್ಕಾರ ಬರ್ಮಾದಲ್ಲೂ ಯುದ್ಧ ಮಾಡುತ್ತಿತ್ತು. ಬರ್ಮಾದ ರಾಜಧಾನಿ ಆವಾದ ಸೆರೆಮನೆಯಲ್ಲಿ ಜಡ್ಸನ್ ಎಂಬ ಅಮೆರಿಕನ್ ಮಿಷನರಿ ಬೇಡಿ ಹಾಕಿಸಿಕೊಂಡು ಕೂತಿದ್ದ. ಅವನ ಹೆಂಡತಿ ಆ್ಯನ್ ಊಟ ಹೊತ್ತುಕೊಂಡು ಆ ಬಾಗಿಲಿಗೆ ತಿರುಗುತ್ತಿದ್ದಳು. ಇಷ್ಟೇ ಬರೆದದ್ದು. ಆಮೇಲೆ ಕಿತ್ತೂರನ್ನು ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಈ ಗಂಡ ಹೆಂಡತಿಯ ಮೇಲೇ. ಹಾಗಾಗಿ ಈ ಸಲ ಪುಟ ಪೂರ್ತಿ ಅವರಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದವರು ಅಷ್ಟು ದೂರದ ಬರ್ಮಾಕ್ಕೇ ಯಾಕೆ ಹೋದರು? (ತಿಪಟೂರಿನ ಓದುಗರು)

ಹೋಗಬೇಕೆಂದು ಹೊರಟವರಲ್ಲ. ಅವರು ಹೊರಟದ್ದು ನಮ್ಮ ದೇಶಕ್ಕೆ.

ಅಡೊನಿರಾಮ್ ಜಡ್ಸನ್ ಮತ್ತು ಆ್ಯನ್ ಹ್ಯಾಸೆಲ್ಟೈನ್, ಇಬ್ಬರೂ ಮ್ಯಾಸಚೂಸೆಟ್ಸಿನವರು. 1812ರ ಫೆಬ್ರವರಿ 5ರಂದು ಮದುವೆ, 19ಕ್ಕೆ ಹಡಗು. ಆತನಿಗೆ 23, ಆಕೆಗೆ 22. ಜೂನಿನಲ್ಲಿ ಕಲ್ಕತ್ತಾ ತಲುಪಿದರು. ಇಳಿದ ಕೂಡಲೇ ಈಸ್ಟ್ ಇಂಡಿಯಾ ಕಂಪನಿ ಹೊರಗೆ ನಡೆಯಿರಿ ಎಂದಿತು. ಧರ್ಮದ ಮಾತು ಎತ್ತಿ ಜನರನ್ನು ಕೆಣಕಿದರೆ ವ್ಯಾಪಾರ ಕೆಡುತ್ತದೆ ಎಂಬ ಹೆದರಿಕೆ ಅವರಿಗೆ. ಅದೇ ತಿಂಗಳು ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಬೇರೆ ಶುರುವಾಯಿತು. ಇವರು ಮಾರಿಷಸ್ಸಿಗೆ ಹೋದರು, ಅಲ್ಲಿಂದ ಮದ್ರಾಸಿಗೆ ಬಂದರು. ಮದ್ರಾಸಿನಲ್ಲೂ ಅದೇ ಪಾಡು. ಸಿಕ್ಕಿಬಿದ್ದರೆ ಇಂಗ್ಲೆಂಡಿಗೆ ಸಾಗಿಸುತ್ತಾರೆ. ಬಂದರಿನಲ್ಲಿ ಹೊರಡಲು ನಿಂತಿದ್ದ ಹಡಗು ರಂಗೂನಿನದು, ಅದನ್ನೇ ಹತ್ತಿದರು. 1813ರ ಜುಲೈನಲ್ಲಿ ರಂಗೂನಿನಲ್ಲಿ ಇಳಿದಾಗ ಆ್ಯನ್ ಏಳಲಾರದ ಸ್ಥಿತಿಯಲ್ಲಿದ್ದಳು. ಹಡಗಿನಲ್ಲೇ ಮೊದಲ ಹೆರಿಗೆಯಾಗಿ ಮಗು ಸತ್ತೇ ಹುಟ್ಟಿತ್ತು. ಎರಡನೆಯ ಮಗು ರೋಜರ್ ರಂಗೂನಿನಲ್ಲಿ ಎಂಟು ತಿಂಗಳು ಬದುಕಿತು.

ಬರ್ಮೀ ಭಾಷೆ ಕಲಿತರು. ಆರು ವರ್ಷ ಕಾದ ಮೇಲೆ, 1819ರಲ್ಲಿ, ಮೌಂಗ್ ನೌ ಎಂಬ ಮೊದಲನೆಯವನು ದೀಕ್ಷಾಸ್ನಾನ ಪಡೆದ. ನಡುವೆ ಆ್ಯನ್ ಆರೋಗ್ಯ ಕೆಟ್ಟು ಅಮೆರಿಕಕ್ಕೆ ಹೋಗಿ 1823ರ ಡಿಸೆಂಬರಿನಲ್ಲಿ ವಾಪಸ್ ಬಂದಳು. ಆ ಹೊತ್ತಿಗೆ ಇವರ ಜೊತೆಯ ವೈದ್ಯ ಪ್ರೈಸ್ ಕಣ್ಣಿನ ಪೊರೆ ತೆಗೆಯುವುದರಲ್ಲಿ ಹೆಸರು ಮಾಡಿದ್ದ, ರಾಜ ಬಾಗ್ಯಿಡಾ ಅವನನ್ನು ಆವಾಕ್ಕೆ ಕರೆಸಿಕೊಂಡಿದ್ದ. ಜಡ್ಸನ್ ದಂಪತಿಗೂ ಅಲ್ಲಿ ನೆಲೆಸಲು ಅವಕಾಶ ಕಂಡಿತು. ಬಿಚ್ಚಿದ ಗಂಟನ್ನೇ ಮತ್ತೆ ಕಟ್ಟಿ ದೋಣಿಯಲ್ಲಿ ಐರಾವತಿ ನದಿ ಮೇಲೆ ಹೊರಟರು. ಅವರು ಆವಾದಲ್ಲಿ ಮನೆ ಹೂಡುತ್ತಿರುವಾಗಲೇ, 1824ರ ಮಾರ್ಚಿನಲ್ಲಿ, ಕಂಪನಿ ಬರ್ಮಾದ ಮೇಲೆ ಯುದ್ಧ ಸಾರಿತು.

ಪ್ರಶ್ನೆ: ಯುದ್ಧ ಇಂಗ್ಲಿಷರ ಜೊತೆ. ಅಮೆರಿಕದವನನ್ನು ಹಿಡಿದದ್ದು ಯಾವ ನ್ಯಾಯ? (ಗೋಕಾಕದ ಓದುಗರು)

ಲೆಕ್ಕದ ಪುಸ್ತಕ ಕೈ ಕೊಟ್ಟಿತು, ಸ್ವಾಮಿ.

ಅಮೆರಿಕದ ಚರ್ಚುಗಳು ಕಳಿಸುವ ದುಡ್ಡು ನೇರ ಆವಾಕ್ಕೆ ಬರುವ ದಾರಿ ಇರಲಿಲ್ಲ. ಅದು ಬಂಗಾಳಕ್ಕೆ ಬಂದು ಬೀಳುತ್ತಿತ್ತು. ಆವಾದಲ್ಲಿ ಹೆನ್ರಿ ಗೌಗರ್ ಎಂಬ ಇಂಗ್ಲಿಷ್ ವ್ಯಾಪಾರಿ ಇದ್ದ. ಜಡ್ಸನ್ ಅವನಿಗೆ ಬಂಗಾಳದ ಮೇಲೆ ಹುಂಡಿ, ಅಂದರೆ ಅಲ್ಲಿ ಇಷ್ಟು ದುಡ್ಡು ಪಡೆಯಿರಿ ಎಂಬ ಚೀಟಿ, ಬರೆದುಕೊಡುವುದು, ಅವನು ಇಲ್ಲಿ ಬೆಳ್ಳಿ ಎಣಿಸಿ ಕೊಡುವುದು. ಎಲ್ಲ ವ್ಯಾಪಾರಿಗಳೂ ಮಾಡುವ ವ್ಯವಹಾರ. ಮೇ ತಿಂಗಳಲ್ಲಿ ಬ್ರಿಟಿಷರು ರಂಗೂನನ್ನು ಹಿಡಿದ ಸುದ್ದಿ ಬಂತು. ಗೌಗರನನ್ನು ಹಿಡಿದರು, ಅವನ ಲೆಕ್ಕ ತೆಗೆಸಿದರು. ಜಡ್ಸನ್‌ಗೆ ಇಷ್ಟು, ಪ್ರೈಸ್‌ಗೆ ಇಷ್ಟು ಎಂದು ಸಾಲುಸಾಲಾಗಿ ಬರೆದಿತ್ತು. ಇಂಗ್ಲಿಷಿನವನು ಇವರಿಗೆ ಸಂಬಳ ಕೊಡುತ್ತಿದ್ದಾನೆ, ಅಂದ ಮೇಲೆ ಇವರು ಗೂಢಚಾರರೇ ಸರಿ ಎಂದು ಅರಮನೆಯವರು ತೀರ್ಮಾನ ಮಾಡಿದರು. ನಾನು ಆ ದರ್ಬಾರಿನಲ್ಲಿದ್ದರೆ ನನಗೂ ಹಾಗೇ ಅನಿಸುತ್ತಿತ್ತೋ ಏನೋ. ಬಿಳಿ ಚರ್ಮ, ಇಂಗ್ಲಿಷ್ ಮಾತು, ಇಂಗ್ಲಿಷಿನವನ ದುಡ್ಡು. ಅಮೆರಿಕ ಬೇರೆ ದೇಶ ಎಂಬ ವಿವರಣೆ ಯುದ್ಧದ ಕಾಲದಲ್ಲಿ ಯಾರ ಕಿವಿಗೆ ಬೀಳುತ್ತದೆ?

ಜೂನ್ 8ರಂದು ಊಟದ ಹೊತ್ತಿಗೆ ಅಧಿಕಾರಿ, ಅವನ ಹಿಂದೆ ಹತ್ತಾರು ಜನ ನುಗ್ಗಿದರು. ಅವರಲ್ಲೊಬ್ಬನ ಮುಖದ ಮೇಲೆ ಹಚ್ಚೆಯ ಚುಕ್ಕೆ ಇತ್ತು. ಮರಣದಂಡನೆ ತಪ್ಪಿಸಿಕೊಂಡ ಅಪರಾಧಿಗಳನ್ನು ಹಾಗೆ ಗುರುತು ಹಾಕಿ ಜೈಲಿನ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಅವನು ಜಡ್ಸನ್‌ನನ್ನು ನೆಲಕ್ಕೆ ಕೆಡವಿ ಮೊಣಕೈ ಸೇರಿಸಿ ಹಗ್ಗ ಬಿಗಿದ. ದುಡ್ಡು ಕೊಡ್ತೀನಿ, ಹಗ್ಗ ಸಡಿಲ ಮಾಡು ಎಂದು ಆ್ಯನ್ ಅಂಗಲಾಚಿದಳು. ಅವನು ಇನ್ನೂ ಬಿಗಿ ಮಾಡಿದ.

ಒಳಗೆ ಮೊದಲು ಮೂರು ಜೊತೆ ಕಬ್ಬಿಣದ ಬೇಡಿ, ಆಮೇಲೆ ಐದು. ರಾತ್ರಿಯಾದರೆ ಎಲ್ಲ ಕೈದಿಗಳ ಕಾಲಿನ ನಡುವೆ ಒಂದು ಉದ್ದ ಬಿದಿರು ತೂರಿಸಿ, ಅದನ್ನು ಮೇಲಕ್ಕೆ ಎತ್ತಿ ಕಟ್ಟುತ್ತಿದ್ದರು. ಭುಜ ಮತ್ತು ತಲೆ ಮಾತ್ರ ನೆಲಕ್ಕೆ ತಾಗುತ್ತಿತ್ತು. ಬೆಳಗಿನ ತನಕ ಹಾಗೇ ಮಲಗಬೇಕು.

ಪ್ರಶ್ನೆ: ಗಂಡ ಒಳಗೆ. ಭಾಷೆ, ಜನ, ಊರು ಎಲ್ಲ ಬೇರೆ. ಈ ಹೆಣ್ಣುಮಗಳು ಹೊರಗೆ ಒಬ್ಬಳೇ ಹೇಗೆ ಬಾಳಿದಳು? ನನಗೆ ಜೈಲಿಗಿಂತ ಅದೇ ಜಾಸ್ತಿ ಕುತೂಹಲ. (ಹುಬ್ಬಳ್ಳಿಯ ಓದುಗರು)

ಅಕ್ಕಾ, ನನಗೂ ಅದೇ. ಯುದ್ಧ ಮುಗಿದ ಮೇಲೆ, 1826ರಲ್ಲಿ, ಆಕೆ ಮೈದುನನಿಗೆ ಒಂದು ದೊಡ್ಡ ಪತ್ರ ಬರೆದಳು. ಇಲ್ಲಿ ಹೇಳುವುದರಲ್ಲಿ ಬಹುಪಾಲು ಅದರಿಂದಲೇ ನಮಗೆ ತಿಳಿದದ್ದು. ಅಳು ಕಡಿಮೆ, ಯಾರಿಗೆ ಏನು ಕೊಟ್ಟೆ, ಯಾರು ಏನು ಅಂದರು ಎಂಬ ಲೆಕ್ಕ ಜಾಸ್ತಿ.

ಗಂಡನನ್ನು ಎಳೆದುಕೊಂಡು ಹೋದ ಮೇಲೆ ಆಕೆ ಮೊದಲು ಮಾಡಿದ್ದು ಕಾಗದಗಳನ್ನು ನಾಶ ಮಾಡಿದ್ದು. ಇಂಗ್ಲೆಂಡಿನಲ್ಲಿ ಇವರಿಗೆ ಸ್ನೇಹಿತರಿದ್ದರು, ಪತ್ರ ಓಡಾಡುತ್ತಿತ್ತು. ಅವೆಲ್ಲ ಸಿಕ್ಕಿದರೆ ಗೂಢಚಾರಿಕೆಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಅಷ್ಟರಲ್ಲಿ ಮನೆ ಸುತ್ತ ಕಾವಲು ಬಿತ್ತು. ಆಕೆಯ ಹತ್ತಿರ ಸಾಕಿಕೊಂಡಿದ್ದ ಬರ್ಮೀ ಹುಡುಗಿಯರಿದ್ದರು. ಅವರನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಕಾವಲಿನವರು ಸಿಟ್ಟಿಗೆದ್ದು ಆಳುಗಳ ಕಾಲನ್ನು ಮರದ ಕೊರಡಿಗೆ ಸಿಕ್ಕಿಸಿದರು. ಆ್ಯನ್ ಕಿಟಕಿಗೆ ಬಂದು ಕಾವಲಿನವರ ಯಜಮಾನನನ್ನು ಕರೆದು, ಆಳುಗಳನ್ನು ಬಿಡಿ, ಬೆಳಿಗ್ಗೆ ಎಲ್ಲರಿಗೂ ಏನಾದರೂ ಕೊಡ್ತೀನಿ ಎಂದಳು. ಅಲ್ಲಿಂದ ಶುರುವಾದ ಕೊಡುವ ಕೆಲಸ ಯುದ್ಧ ಮುಗಿಯುವವರೆಗೂ ನಿಲ್ಲಲಿಲ್ಲ.

ಮೂರನೆಯ ದಿನ ಊರಿನ ಗವರ್ನರ್ ಹತ್ತಿರ ಹೋಗಲು ಅಪ್ಪಣೆ ಸಿಕ್ಕಿತು. ಅವನು ತನ್ನ ಕೈಕೆಳಗಿನವನನ್ನು ಕಾಣು ಎಂದ. ಆ ಕೈಕೆಳಗಿನವನು ಪಕ್ಕಕ್ಕೆ ಕರೆದು ರೇಟು ಹೇಳಿದ: 200 ಟಿಕಲ್ (ಅಲ್ಲಿನ ತೂಕದ ಲೆಕ್ಕ) ಬೆಳ್ಳಿ, ಎರಡು ತಾನು ಒಳ್ಳೆ ಬಟ್ಟೆ, ಎರಡು ಕರವಸ್ತ್ರ. ದುಡ್ಡು ಸೊಂಟದಲ್ಲೇ ಇತ್ತು, ಕೊಟ್ಟಳು. ಬಟ್ಟೆ ಇಲ್ಲ, ಬಿಟ್ಟುಬಿಡಿ ಎಂದು ಚೌಕಾಶಿ ಮಾಡಿದಳು. ಅವನು ಒಪ್ಪಿದ! ಆ ಚೀಟಿ ಹಿಡಿದು ಜೈಲಿಗೆ ಹೋದರೆ ಒಳಗೆ ಬಿಡಲಿಲ್ಲ. ಜಡ್ಸನ್ ಬೇಡಿ ಎಳೆಯುತ್ತಾ ಬಾಗಿಲ ತನಕ ತೆವಳಿಕೊಂಡು ಬಂದ.

ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ, ಯಾವುದು ಎಂಬುದು ಬೇಡ, ವಾರ್ಡಿನ ಬಾಗಿಲು ಕಾಯುವವನ ಕೈಗೆ ದಿನಾ ನೋಟು ಇಡದೆ ನನ್ನ ಟಿಫನ್ ಕ್ಯಾರಿಯರ್ ಒಳಗೆ ಹೋಗುತ್ತಿರಲಿಲ್ಲ. ಆ್ಯನ್ ಪತ್ರದ ಈ ಭಾಗ ಓದುವಾಗೆಲ್ಲ ಆ ಕಾರಿಡಾರಿನ ಫಿನಾಯಿಲ್ ವಾಸನೆ ಬಂದ ಹಾಗಾಗುತ್ತದೆ.

ಆಕೆಯ ಮನೆಗೂ ಜೈಲಿಗೂ ಸುಮಾರು ಎರಡು ಮೈಲಿ. ಎಷ್ಟೋ ಸಲ ಕತ್ತಲಾದ ಮೇಲೆ ಒಬ್ಬಳೇ ನಡೆದು ಮನೆ ಸೇರಿದಾಗ ರಾತ್ರಿ ಒಂಬತ್ತು. ಗವರ್ನರನ ಹೆಂಡತಿ ಈಕೆಗೆ ಬರ್ಮೀ ಉಡುಪು ಕೊಟ್ಟಳು. ಪರದೇಶದ ಬಟ್ಟೆಯಲ್ಲಿ ಓಡಾಡಿದರೆ ಜನ ಕೆರಳುತ್ತಿದ್ದ ಕಾಲ. ಆಕೆ ಅದನ್ನೇ ಉಟ್ಟು ಓಡಾಡಿದಳು. ಏಳು ತಿಂಗಳು, ಯಾವುದಾದರೂ ಅಧಿಕಾರಿಯ ಮನೆಗೋ ಅರಮನೆ ನೆಂಟರ ಮನೆಗೋ ಹೋಗದ ದಿನವೇ ಅಪರೂಪ. ರಾಣಿಯ ಅಣ್ಣನ ಹೆಂಡತಿಯನ್ನು ಹಿಡಿದು ರಾಣಿಗೆ ಅರಿಕೆ ಮುಟ್ಟಿಸಿದಳು. ಬಂದ ಉತ್ತರ: ಅವರನ್ನು ಕೊಲ್ಲುವುದಿಲ್ಲ, ಇದ್ದಲ್ಲೇ ಇರಲಿ.

ಇದಿಷ್ಟನ್ನೂ ಬಸುರಿಯಾಗಿ ಮಾಡಿದಳು. 1825ರ ಜನವರಿ 26ರಂದು ಮಗಳು ಮರಿಯಾ ಹುಟ್ಟಿದಳು. ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಜೈಲಿಗೆ ಹೋಗಿ ಅಪ್ಪನಿಗೆ ತೋರಿಸಿದಳು.

ಒಂದು ದಿನ ಗಂಡನಿಗೆ ಊರಿನ ರುಚಿ ಉಣ್ಣಿಸೋಣ ಎಂದು ಎಮ್ಮೆ ಮಾಂಸ, ಬಾಳೆಹಣ್ಣು ಕೂಡಿಸಿ ಮಿನ್ಸ್ ಪೈ ಮಾಡಿದಳು. ಅವರ ನ್ಯೂ ಇಂಗ್ಲೆಂಡಿನಲ್ಲಿ ಹಬ್ಬಕ್ಕೆ ಮಾಡುವ, ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸುವ ತಿಂಡಿ ಅದು. ಆ ದಿನ ಆಕೆಗೆ ಹೋಗಲಾಗಲಿಲ್ಲ. ಮೌಂಗ್ ಇಂಗ್ ಎಂಬ ಬರ್ಮೀ ಶಿಷ್ಯ ಖುಷಿಯಾಗಿ ಹೊತ್ತುಕೊಂಡು ಹೋದ. ಅಷ್ಟು ದಿನ ಏನೇ ಬಂದರೂ ಅಲ್ಲಾಡದ ಜಡ್ಸನ್ ಅದನ್ನು ಕಂಡು ಮೊಣಕಾಲಿಗೆ ತಲೆ ಇಟ್ಟು ಅತ್ತುಬಿಟ್ಟ. ತಟ್ಟೆಯನ್ನು ಪಕ್ಕದವನ ಕಡೆ ತಳ್ಳಿದ.

ಪ್ರಶ್ನೆ: ದಿಂಬಿನೊಳಗೆ ಬೈಬಲ್ ಅಡಗಿಸಿಟ್ಟರು ಎಂದು ನಮ್ಮ ಚರ್ಚಿನಲ್ಲಿ ಪ್ರಸಂಗ ಕೇಳಿದ್ದೇನೆ. ನಿಜವೋ, ಕಟ್ಟುಕತೆಯೋ? (ಚಿಕ್ಕಮಗಳೂರಿನ ಓದುಗರು)

ನಿಜ. ಪೂರ್ತಿ ಬೈಬಲ್ ಅಲ್ಲ, ಜಡ್ಸನ್ ಬರ್ಮೀ ಭಾಷೆಗೆ ಅನುವಾದಿಸಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿ. ಆ್ಯನ್ ಮೊದಲು ಅದನ್ನು ಬೆಳ್ಳಿಯ ಜೊತೆ ಮನೆ ಕೆಳಗೆ ಹೂತಿಟ್ಟಳು. ಮಳೆಗಾಲ ಬಂತು, ಬೂಷ್ಟು ಹಿಡಿಯುತ್ತದಲ್ಲ. ತೆಗೆದು ಹತ್ತಿಯಲ್ಲಿ ಸುತ್ತಿ ಹೊಲಿದು ದಿಂಬು ಮಾಡಿ ಜೈಲಿನಲ್ಲಿದ್ದ ಗಂಡನಿಗೆ ಕೊಟ್ಟಳು. ಬೇಕೆಂತಲೇ ಗಟ್ಟಿಯಾಗಿ, ಕೊಳಕಾಗಿ ಮಾಡಿದ್ದು. ಯಾರಿಗೂ ಆಸೆ ಹುಟ್ಟಬಾರದು. ಆದರೂ ಒಮ್ಮೆ ಒಬ್ಬ ಕಾವಲುಗಾರ ಎತ್ತಿಕೊಂಡ. ಆಕೆ ಇದಕ್ಕಿಂತ ಒಳ್ಳೆ ದಿಂಬು ಕೊಟ್ಟು ಅದನ್ನು ಬದಲಾಯಿಸಿಕೊಂಡಳು. ಇಂಥ ಗಟ್ಟಿ ದಿಂಬು ಇವರಿಗೆ ಯಾಕೆ ಬೇಕೋ ಎಂದು ಅವನು ನಕ್ಕಿರಬೇಕು.

ಕೈದಿಗಳನ್ನು ಆವಾದಿಂದ ಸಾಗಿಸಿದ ದಿನ ಆ ದಿಂಬಿಗೆ ಸುತ್ತಿದ್ದ ಚಾಪೆಯನ್ನು ಕಿತ್ತುಕೊಂಡು, ಹತ್ತಿಯ ಉಂಡೆಯನ್ನು ಬಿಸಾಡಿದರು. ಮಿನ್ಸ್ ಪೈ ಹೊತ್ತಿದ್ದ ಅದೇ ಮೌಂಗ್ ಇಂಗ್, ಗುರುವಿನ ನೆನಪಿಗೆ ಏನಾದರೂ ಇರಲಿ ಎಂದು ಅದನ್ನು ಎತ್ತಿ ಮನೆಯಲ್ಲಿಟ್ಟ. ಒಳಗೇನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ತಿಂಗಳುಗಳ ಮೇಲೆ ಬಿಚ್ಚಿ ನೋಡಿದರೆ ಹಾಳೆಗಳು ಹಾಗೇ ಇದ್ದವು. ಪೂರ್ತಿ ಬರ್ಮೀ ಬೈಬಲಿನ ಅನುವಾದ 1834ರಲ್ಲಿ ಮುಗಿಯಿತು. ನಮ್ಮ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಕೆಲಸ ಮಾಡಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅದು 1831ಕ್ಕೆ ಪೂರ್ತಿಯಾಯಿತು. ಹ್ಯಾಂಡ್ಸ್‌ಗೆ ಯಾರೂ ಬೇಡಿ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಜೈಲಿನಲ್ಲಿ ಸಿಂಹ ಇತ್ತಂತೆ? (ಎಂಟನೇ ತರಗತಿ ವಿದ್ಯಾರ್ಥಿ, ಹೊಸದುರ್ಗ)

ಇತ್ತು ಮರಿ. ರಾಜನಿಗೆ ಕಾಣಿಕೆಯಾಗಿ ಬಂದದ್ದು. ಇಂಗ್ಲಿಷರ ಬಾವುಟದಲ್ಲಿ ಸಿಂಹ ಇದೆ, ಆದ್ದರಿಂದ ಇದೂ ಶತ್ರುವೇ ಎಂದು ಅದನ್ನು ತಂದು ಜೈಲಿನಂಗಳದಲ್ಲಿ ಬೋನಿನಲ್ಲಿಟ್ಟು ಉಪವಾಸ ಕೆಡವಿದರು. ಅದು ಹಸಿದು ಗರ್ಜಿಸುತ್ತಾ ಸತ್ತಿತು. ಜ್ವರದಲ್ಲಿ ಬೇಯುತ್ತಿದ್ದ ಜಡ್ಸನ್ ಆಮೇಲೆ ಆ ಖಾಲಿ ಬೋನಿನಲ್ಲಿ ಮಲಗಲು ಅಪ್ಪಣೆ ಬೇಡಿಕೊಂಡ. ಒಳಗಿನ ಕತ್ತಲ ಕೋಣೆಗಿಂತ ಅಲ್ಲಿ ಗಾಳಿ ಆಡುತ್ತಿತ್ತು.

ಪ್ರಶ್ನೆ: ನೀವು ಬರೀ ಆ ದೊರೆಸಾನಿಯ ಬಗ್ಗೆ ಹೇಳುತ್ತೀರಿ ಅನಿಸುತ್ತದೆ. ಈ ಕತೆಯಲ್ಲಿ ನಮ್ಮವರು ಯಾರೂ ಇಲ್ಲವೇ? (ರಾಣೆಬೆನ್ನೂರಿನ ಓದುಗರು)

ಇದ್ದಾರೆ, ಒಬ್ಬರಲ್ಲ ಇಬ್ಬರು. ಈ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ.

1825ರ ಮೇ ತಿಂಗಳು. ಬರ್ಮಾದ ಹೆಸರಾಂತ ಸೇನಾಪತಿ ಬಂದುಲಾ ದನುಬ್ಯೂನಲ್ಲಿ ಸತ್ತು ತಿಂಗಳಾಗಿತ್ತು. ಅವನ ಜಾಗಕ್ಕೆ ಬಂದ ಹೊಸ ಸೇನಾಪತಿ ಬಿಳಿ ಕೈದಿಗಳನ್ನು ಔಂಗ್‌ಬಿನ್ಲೆ ಎಂಬ ಹಳ್ಳಿಗೆ ಸಾಗಿಸಲು ಹೇಳಿದ. ಬಲಿ ಕೊಡಲಿಕ್ಕೆ ಎಂದು ಸುದ್ದಿ. ಆ ಬೆಳಿಗ್ಗೆ ಗವರ್ನರ್ ಆ್ಯನ್‌ಗೆ ಹೇಳಿ ಕಳಿಸಿದ, ಏನೋ ತನ್ನ ಗಡಿಯಾರದ ವಿಷಯ ಮಾತಾಡಬೇಕಂತೆ. ಆಕೆ ಹೋದಳು. ಮುದುಕ ಬಹಳ ಪ್ರೀತಿಯಿಂದ ಗಡಿಯಾರದ ಬಗ್ಗೆ ಹರಟುತ್ತಾ ಕೂರಿಸಿಕೊಂಡ. ಆಕೆ ಎದ್ದು ಬರುವಷ್ಟರಲ್ಲಿ ಆಳು ಓಡಿಬಂದು, ಕೈದಿಗಳನ್ನೆಲ್ಲ ಕರೆದುಕೊಂಡು ಹೋದರು ಎಂದ. ಬೀದಿ ಬೀದಿ ಓಡಿ ವಿಚಾರಿಸಿದಳು. ಕೊನೆಗೆ ಒಬ್ಬ ಮುದುಕಿ, ಅಮರಪುರದ ದಾರಿ ಹಿಡಿದರು ಎಂದು ಹೇಳಿದಳು. ಗವರ್ನರ್ ಕಣ್ಣೆದುರು ಅದನ್ನು ಕಾಣದಿರಲಿ ಎಂದು ಹಾಗೆ ಮಾಡಿದ್ದ. ಇದೇ ಮನುಷ್ಯ, ಗುಟ್ಟಾಗಿ ಕೊಂದುಬಿಡು ಎಂಬ ಆಜ್ಞೆ ಮೂರು ಸಲ ಬಂದರೂ ಕೊಲ್ಲದೆ ಉಳಿಸಿದ್ದವನು.

ಕೈದಿಗಳ ಚಪ್ಪಲಿ, ಟೋಪಿ, ಮೇಲಂಗಿ ಎಲ್ಲ ಕಿತ್ತುಕೊಂಡಿದ್ದರು. ಹಗಲು ಹನ್ನೊಂದರ ಬಿಸಿಲು, ಕಾದ ಮರಳು. ತಿಂಗಳಾನುಗಟ್ಟಲೆ ನಡೆಯದ ಕಾಲು ಎರಡು ಹೆಜ್ಜೆಗೇ ಬೊಬ್ಬೆ ಎದ್ದು ಸುಲಿಯಿತು. ಜೊತೆಗಿದ್ದ ಒಬ್ಬ ಗ್ರೀಕ್ ಕೈದಿ ಅವತ್ತೇ ಸತ್ತ. ಅಷ್ಟರಲ್ಲಿ ಗೌಗರನ ಬಂಗಾಳಿ ಆಳು ಎಲ್ಲಿಂದಲೋ ಬಂದ. ತಲೆಯ ರುಮಾಲು ಬಿಚ್ಚಿ ಎರಡು ಹರಕು ಮಾಡಿದ. ಒಂದನ್ನು ತನ್ನ ಧಣಿಗೆ ಕೊಟ್ಟ, ಇನ್ನೊಂದನ್ನು ಜಡ್ಸನ್ ಕಾಲಿಗೆ ಸುತ್ತಿದ. ಆಮೇಲೆ ಜಡ್ಸನ್‌ನನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ನಡೆಸಿದ. ಧಣಿ ಗೌಗರ್, ಸರಿ. ಜಡ್ಸನ್ ಅವನಿಗೆ ಯಾರು?

ಇನ್ನೊಬ್ಬ ಜಡ್ಸನ್ ಮನೆಯ ಬಂಗಾಳಿ ಅಡುಗೆಯವನು. ಆ್ಯನ್ ಮೂರು ತಿಂಗಳ ಕೂಸು, ಇಬ್ಬರು ಹುಡುಗಿಯರನ್ನು ಕಟ್ಟಿಕೊಂಡು ದೋಣಿ, ಎತ್ತಿನ ಗಾಡಿ ಹಿಡಿದು ಹಿಂದೆಯೇ ಹೊರಟಾಗ ಇವನೂ ಹೊರಟ. ಜೈಲಿನವನ ಮನೆಯಲ್ಲಿ ಇದ್ದದ್ದು ಎರಡು ಕೋಣೆ. ಇವರಿಗೆ ಸಿಕ್ಕ ಕೋಣೆಯ ಅರ್ಧ ಕಾಳು ತುಂಬಿತ್ತು. ಉಳಿದರ್ಧದಲ್ಲಿ ಆರು ತಿಂಗಳು ಸಂಸಾರ. ಒಬ್ಬ ಹುಡುಗಿಗೆ ಸಿಡುಬು ಬಂತು. ಆ್ಯನ್ ಇನ್ನೊಬ್ಬ ಹುಡುಗಿಗೂ, ಜೈಲಿನವನ ಮಕ್ಕಳಿಗೂ ಸಿಡುಬಿನ ಕೀವು ಚುಚ್ಚಿ ಹಾಕಿದಳು. ಆ ಮಕ್ಕಳಿಗೆ ಹಗುರಾಗಿ ಹೋಯಿತು, ಊರವರೆಲ್ಲ ಮಕ್ಕಳನ್ನು ಎತ್ತಿಕೊಂಡು ಬಂದರು. ತನ್ನ ಮಗಳಿಗೆ ಮಾತ್ರ ಅದು ಹಿಡಿಯಲಿಲ್ಲ, ಜೋರು ಸಿಡುಬೇ ಬಂತು. ಆಮೇಲೆ ಆಕೆಗೇ ಭೇದಿ ಹಿಡಿಯಿತು. ಔಷಧಿ ಪೆಟ್ಟಿಗೆ ತರಲು ಆವಾದ ತನಕ ಹೋಗಿ ಗಾಡಿಯಲ್ಲಿ ವಾಪಸ್ ಬಂದಾಗ ಇಳಿಸಿಕೊಳ್ಳಲು ಬಂದ ಅಡುಗೆಯವನು ಆಕೆಯ ಅವಸ್ಥೆ ನೋಡಿ ಅಳಲು ಶುರು ಮಾಡಿದ.

ಅವನಿಲ್ಲದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಕೆಯ ಪತ್ರವೇ ಹೇಳುವ ಹಾಗಿದೆ. ಜಾತಿಯನ್ನು ಮರೆತ, ತನ್ನ ಹೊಟ್ಟೆಯನ್ನೂ ಮರೆತ. ಸೌದೆಗೂ ನೀರಿಗೂ ದೂರ ಹೋಗಿ ಬಂದು, ಬೇಯಿಸಿ, ಜೈಲಿಗೆ ಹೊತ್ತೊಯ್ದು, ಬಂದು ಈಕೆಯ ಆರೈಕೆ ಮಾಡಿ, ಸಂಜೆಯ ತನಕ ತಾನು ಒಂದು ತುತ್ತು ಮುಟ್ಟದ ದಿನಗಳಿದ್ದವು. ಸಂಬಳ ಕೇಳಲಿಲ್ಲ, ಗೊಣಗಲಿಲ್ಲ. ಇಷ್ಟೆಲ್ಲ ಬರೆದ ಆ್ಯನ್ ಅವನ ಹೆಸರು ಮಾತ್ರ ಬರೆದಿಲ್ಲ. ಪತ್ರದುದ್ದಕ್ಕೂ ನಮ್ಮ ಬಂಗಾಳಿ ಅಡುಗೆಯವನು, ಅಷ್ಟೇ. ಆಕೆಯ ಮೇಲೆ ನನಗೆ ಇಷ್ಟೆಲ್ಲ ಗೌರವ ಇದ್ದರೂ ಇದೊಂದು ವಿಷಯಕ್ಕೆ ಸಿಟ್ಟು ಇದೆ.

ಹಳ್ಳಿಯ ಬರ್ಮೀ ತಾಯಂದಿರನ್ನೂ ಸೇರಿಸಬೇಕು. ಆ್ಯನ್‌ಗೆ ಹಾಲು ಬತ್ತಿತು. ಜೈಲಿನವನಿಗೆ ಕಾಣಿಕೆ ಕೊಟ್ಟು ಜಡ್ಸನ್ ದಿನಾ ಸ್ವಲ್ಪ ಹೊತ್ತು ಹೊರಗೆ ಬರುವ ಹಾಗೆ ಮಾಡಿಕೊಂಡರು. ಆತ ಬೇಡಿ ಕಾಲಲ್ಲೇ ಕೂಸನ್ನು ಎತ್ತಿಕೊಂಡು, ಎಳೆಮಕ್ಕಳಿರುವ ಮನೆಗಳ ಮುಂದೆ ನಿಂತು ಒಂದಿಷ್ಟು ಹಾಲು ಕುಡಿಸಿ ಎಂದು ಬೇಡುತ್ತಿದ್ದ. ಅವರ ಗಂಡಂದಿರು, ಅಣ್ಣತಮ್ಮಂದಿರು ಆಗ ಇಂಗ್ಲಿಷರ ಫಿರಂಗಿ ಎದುರು ಇದ್ದರು. ಆದರೂ ಕುಡಿಸಿದರು.

ಬಲಿ ಕೊಡಲು ಹೊರಟಿದ್ದ ಸೇನಾಪತಿ? ರಾಜದ್ರೋಹದ ಆರೋಪ ಬಂದು ರಾಜನೇ ಅವನನ್ನು ಕೊಲ್ಲಿಸಿದ.

ಪ್ರಶ್ನೆ: ಬ್ರಿಟಿಷರ ಬೆನ್ನ ಹಿಂದೆ ಬಂದ ಮತಪ್ರಚಾರಕರು ಇವರು. ಇವರ ಕಷ್ಟಕ್ಕೆ ನಾವು ಯಾಕೆ ಮರುಗಬೇಕು? ದೇಶ ಕಳೆದುಕೊಂಡ ಬರ್ಮಾದವರ ಬಗ್ಗೆ ಬರೆಯಿರಿ. (ದಾವಣಗೆರೆಯ ಓದುಗರು)

ಬೆನ್ನ ಹಿಂದೆ ಬಂದರು ಎಂಬುದು ಸರಿಯಲ್ಲ. ಕಂಪನಿ ಇವರನ್ನು ಓಡಿಸಿದ್ದನ್ನು ಮೇಲೆ ಹೇಳಿದ್ದೇನೆ. ಹೋದದ್ದು ಬರ್ಮಾ ರಾಜನ ನೆಲಕ್ಕೆ. ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಯುದ್ಧ ಮುಗಿದ ಮೇಲೆ ಜಡ್ಸನ್ ಬ್ರಿಟಿಷರ ಕಡೆ ವಾಲಿದ. 1825ರ ನವೆಂಬರಿನಲ್ಲಿ ಅವನನ್ನು ಬಿಟ್ಟದ್ದು ಸಂಧಾನಕ್ಕೆ ದುಭಾಷಿ ಬೇಕೆಂದು, ಆಗ ದುಡಿದದ್ದು ಬರ್ಮಾದವರಿಗೆ. ಮುಂದಿನ ವರ್ಷ ಬ್ರಿಟಿಷ್ ರಾಯಭಾರಿ ಕ್ರಾಫರ್ಡ್ ಜೊತೆ ಅದೇ ಆವಾಕ್ಕೆ ವ್ಯಾಪಾರದ ಒಪ್ಪಂದಕ್ಕೆ ಹೋದ. ಒಪ್ಪಂದದಲ್ಲಿ ಧರ್ಮಸ್ವಾತಂತ್ರ್ಯದ ಒಂದು ಮಾತು ಸೇರೀತು ಎಂಬ ಆಸೆ. ಸೇರಲಿಲ್ಲ. ಮನೆಯನ್ನೂ ಬ್ರಿಟಿಷರು ಗೆದ್ದ ನೆಲದಲ್ಲೇ ಮಾಡಿದ.

ಬರ್ಮಾ ಕಳೆದುಕೊಂಡದ್ದು ಸಣ್ಣದಲ್ಲ. 1826ರ ಫೆಬ್ರವರಿ 24ರ ಯಾಂಡಬೋ ಒಪ್ಪಂದದಲ್ಲಿ ಅರಾಕಾನ್, ತೆನಸ್ಸರೀಮ್ ಹೋದವು. ಅಸ್ಸಾಂ, ಮಣಿಪುರದ ಮೇಲಿನ ಹಕ್ಕು ಬಿಟ್ಟಿತು. ಮೇಲೆ ಒಂದು ಕೋಟಿ ರೂಪಾಯಿ ದಂಡ. ಈ ಯುದ್ಧಕ್ಕೆ ಹೆಗಲು ಕೊಟ್ಟವರಲ್ಲಿ ಮದ್ರಾಸ್ ಸೇನೆಯ ಸಿಪಾಯಿಗಳು ಸಾವಿರಾರು. ಗುಂಡಿಗಿಂತ ಜ್ವರ, ಭೇದಿಗೆ ಸತ್ತವರೇ ಜಾಸ್ತಿ. ಬರ್ಮಾಕ್ಕೆ ಹೋಗಲ್ಲ ಎಂದು ಬ್ಯಾರಕ್‌ಪುರದಲ್ಲಿ ತಿರುಗಿ ನಿಂತ ಬಂಗಾಳದ ಸಿಪಾಯಿಗಳ ಮೇಲೆ ಕಂಪನಿ ಫಿರಂಗಿ ಹಾರಿಸಿದ್ದು 1824ರ ನವೆಂಬರಿನಲ್ಲಿ. ಕಿತ್ತೂರಿನ ಕೋಟೆಗೆ ದೊಡ್ಡ ಪಡೆ ಬಂದದ್ದೂ ಅದೇ ತಿಂಗಳ ಕೊನೆಗೆ.

ಮರುಗುವುದು ಬಿಡುವುದು ನಿಮಗೆ ಬಿಟ್ಟದ್ದು. ಒಬ್ಬರಿಗೆ ಮರುಗಿದರೆ ಇನ್ನೊಬ್ಬರ ಪಾಲಿಗೆ ಕಡಿಮೆ ಬೀಳುತ್ತದೆ ಎಂದು ನನಗೆ ಅನಿಸುವುದಿಲ್ಲ.

ಪ್ರಶ್ನೆ: ಕೊನೆಗೆ ಏನಾಯಿತು? ನಮ್ಮ ಕಡೆಯ ಮಿಷನರಿಗಳಿಗೂ ಹೀಗೆ ಆಗಿತ್ತೇ? (ಉಡುಪಿಯ ಓದುಗರು)

ಯುದ್ಧ ಮುಗಿದ ಅದೇ ವರ್ಷ ಆ್ಯನ್ ತೀರಿಕೊಂಡಳು. 1826ರ ಅಕ್ಟೋಬರ್ 24, ಆಮ್ಹರ್ಸ್ಟ್ ಎಂಬ ಹೊಸ ಊರು, ವಯಸ್ಸು 36. ಜಡ್ಸನ್ ಆಗ ಕ್ರಾಫರ್ಡ್ ಜೊತೆ ಆವಾದಲ್ಲಿದ್ದ. ತಿಂಗಳಾದ ಮೇಲೆ ಕಪ್ಪು ಮುದ್ರೆಯ ಪತ್ರ ಬಂತು. ತಂದುಕೊಟ್ಟವನು ನಿಮ್ಮ ಮಗು ಹೋಯಿತಂತೆ ಎಂದು ಹೇಳಿ ಕೊಟ್ಟ, ಒಡೆದರೆ ಹೆಂಡತಿಯ ಸಾವು. ಆರು ತಿಂಗಳಿಗೆ ಮರಿಯಾಳೂ ಹೋದಳು. ಜಡ್ಸನ್ ಕೆಲ ಕಾಲ ಕಾಡಿನಲ್ಲಿ ಗುಡಿಸಲು ಹಾಕಿ, ತನ್ನ ಗೋರಿಯನ್ನು ತಾನೇ ತೋಡಿ ಅದರ ಪಕ್ಕ ಕೂತಿರುತ್ತಿದ್ದ. ಚೇತರಿಸಿಕೊಂಡ, ಮತ್ತೆ ಮದುವೆಯಾದ, 1850ರಲ್ಲಿ ಹಡಗಿನಲ್ಲಿ ತೀರಿಕೊಂಡ.

ನಿಮ್ಮ ಕಡೆ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಲ್ಲಿ ಜರ್ಮನರು ಬಹಳ. ಮೊದಲ ಮಹಾಯುದ್ಧ ಶುರುವಾದ ಮೇಲೆ ಅವರು ಶತ್ರು ದೇಶದವರಾದರು. ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು. ಹೆಂಗಸರು ಮಕ್ಕಳನ್ನು ಹಡಗು ಹತ್ತಿಸಿ ಊರಿಗೆ ಕಳಿಸಿದರು. ಹೆಂಚಿನ ಕಾರ್ಖಾನೆಗಳು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಕಬ್ಬಿಣದ ಬೇಡಿ ಇರಲಿಲ್ಲ, ಆದರೆ ಅನುಮಾನ ಅದೇ ಜಾತಿಯದು.

ಪ್ರಶ್ನೆ: ಕ್ರಿಸ್‌ಮಸ್‌ಗೆ ನಮ್ಮ ಯುವಕ ಸಂಘದಿಂದ ಜಡ್ಸನ್ ನಾಟಕ ಮಾಡುತ್ತಿದ್ದೇವೆ. ಒಂದು ಗಂಟೆ ಸಮಯ. ಯಾವ ದೃಶ್ಯ ಇಡಬೇಕು? (ಹಾಸನದ ಓದುಗರು)

ಜೈಲಿನ ದೃಶ್ಯ ನೀವು ಹೇಗೂ ಇಟ್ಟೇ ಇಡುತ್ತೀರಿ, ಅದನ್ನು ಚಿಕ್ಕದು ಮಾಡಿ. ಗವರ್ನರ್ ಗಡಿಯಾರದ ಹರಟೆಯನ್ನು ದೊಡ್ಡದು ಮಾಡಿ. ಅಡುಗೆಯವನ ಪಾತ್ರಕ್ಕೆ ನಿಮ್ಮಲ್ಲಿ ಅತಿ ಒಳ್ಳೆಯ ನಟ ಯಾರೋ ಅವನನ್ನೇ ಹಾಕಿ, ಮಾತು ಜಾಸ್ತಿ ಕೊಡಬೇಡಿ.

ನಗಿಸುವ ದೃಶ್ಯವೂ ಒಂದಿದೆ. ಯಾಂಡಬೋದಲ್ಲಿ ಬ್ರಿಟಿಷ್ ಜನರಲ್ ಕ್ಯಾಂಪ್‌ಬೆಲ್ ಬರ್ಮಾದ ಪ್ರತಿನಿಧಿಗಳಿಗೆ ಔತಣ ಕೊಟ್ಟ. ಅವರೆಲ್ಲ ಕೂತ ಮೇಲೆ ಆ್ಯನ್‌ಳ ಕೈ ಹಿಡಿದು ಕರೆತಂದು ತನ್ನ ಬಲಗಡೆ ಕೂರಿಸಿದ. ಅಧಿಕಾರಿಗಳ ಮುಖ ಸಪ್ಪಗಾಯಿತು. ಚೂಪು ಗಡ್ಡದ ಒಬ್ಬ ಮುದುಕನಂತೂ ನಡುಗುತ್ತಿದ್ದ. ಇವರಿಗೆ ನಿಮ್ಮ ಪರಿಚಯ ಇದ್ದ ಹಾಗಿದೆಯಲ್ಲ ಎಂದು ಜನರಲ್ ಕೇಳಿದ. ಆ್ಯನ್ ಹೇಳಿದಳು. ಗಂಡ ಐದು ಜೊತೆ ಬೇಡಿಯಲ್ಲಿ ಜ್ವರ ಬಂದು ಮಲಗಿದ್ದಾಗ ಆಕೆ ಮೈಲಿಗಟ್ಟಲೆ ನಡೆದು ಈ ಮುದುಕನ ಮನೆಗೆ ಹೋಗಿದ್ದಳು. ಮಧ್ಯಾಹ್ನದ ತನಕ ಕಾಯಿಸಿ ಆಗಲ್ಲ ಎಂದ. ಹೊರಟವಳ ಕೈಯಲ್ಲಿದ್ದ ರೇಷ್ಮೆ ಛತ್ರಿ ಕಂಡು ಕಿತ್ತುಕೊಂಡ. ಬಿಸಿಲಿಗೆ ಒಂದು ಕಾಗದದ ಛತ್ರಿಯಾದರೂ ಕೊಡಿ ಎಂದರೆ, ಬಿಸಿಲು ಬಡಿಯುವುದು ದಪ್ಪಗಿರುವವರಿಗೆ, ನಿನ್ನಂಥ ಸಣಕಲಿಯನ್ನು ಸೂರ್ಯ ಹುಡುಕಲಾರ ಎಂದು ನಕ್ಕಿದ್ದ.

ಇಂಗ್ಲಿಷಿನಲ್ಲಿ ನಡೆದ ಮಾತು ಮುದುಕನಿಗೆ ತಿಳಿಯಲಿಲ್ಲ, ಆದರೆ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದದ್ದು ತಿಳಿಯಿತು. ಬೆವರು ಹರಿಯತೊಡಗಿತು. ಆ್ಯನ್ ಅವನ ಕಡೆ ಬಾಗಿ ಬರ್ಮೀಯಲ್ಲಿ, ಹೆದರಬೇಡಿ, ನಿಮಗೇನೂ ಆಗುವುದಿಲ್ಲ ಎಂದಳು. ಈ ಮುದುಕನ ಪಾತ್ರವನ್ನು ನಿಮ್ಮ ಸಂಘದಲ್ಲಿ ಎಲ್ಲರಿಗಿಂತ ಜೋರು ಮಾತಾಡುವವರಿಗೆ ಕೊಡಿ. ಮತ್ತೆ ಛತ್ರಿ, ದಯವಿಟ್ಟು ಬಟನ್ ಒತ್ತಿದರೆ ಬಿಚ್ಚಿಕೊಳ್ಳುವಂಥದ್ದು ತರಬೇಡಿ.